ಒಂದು ತೋಳಿನಷ್ಟು ಹೊಳೆ

ಮಾಗಿಯ ಬಿಸಿಲು ಅಂಗಳಕ್ಕೆ ಇಳಿಯುವಷ್ಟರಲ್ಲಿ ತಾಯಿ ಮೊದಲ ಕಟ್ಟು ಜೊಂಡನ್ನು ಸೀಳಿ ಮುಗಿಸಿದ್ದಳು. ಕೆರೆಯಿಂದ ಕೊಯ್ದು ತಂದಾಗಿನ ಹಸಿರು ಹೋಗಿ ಜೊಂಡು ಗೋಧಿಯ ಬಣ್ಣಕ್ಕೆ ತಿರುಗಿತ್ತು. ಚಾಪೆ ಹೆಣೆಯುವುದಕ್ಕೆ ಇದೇ ಹದ. ಇನ್ನೂ ಒಣಗಿದರೆ ಮಡಿಸಿದಲ್ಲೇ ಮುರಿಯುತ್ತದೆ. ಜಗಲಿಯ ಮೇಲೆ ಮಗಳು ಅಂಟಿನ ಡಬ್ಬಿ ಇಟ್ಟುಕೊಂಡು ಚಿತ್ರದ ಪ್ರಿಂಟು ತೆಗೆದ ಕಾಗದದ ತುದಿಗೆ ಕಾಗದ ಹಚ್ಚುತ್ತಿದ್ದಳು.

"ಮುಗಿಯೋ ಹಾಗೆ ಕಾಣಲ್ವಲ್ಲೇ. ಮನೆಗೆ ಸುತ್ತಬೇಕು ಅಂತಿದೀಯಾ ಏನು?"

"ಚೀನಾದ ಸುರುಳಿ ಚಿತ್ರ ಅಮ್ಮ. ಹೊಳೆ. ಇದರ ಉದ್ದವೇ ಇಷ್ಟು."

"ಮೊನ್ನೆ ಆ ಜಪಾನಿನ ಸಿನಿಮಾದಲ್ಲಿ ಮುದುಕ ಚಪ್ಪಲಿ ಹುಡುಕ್ತಿದ್ನಲ್ಲ, ಸಿಕ್ತಾ?"

"ಸಿನಿಮಾ ಮುಗಿಯೋವರೆಗೂ ಸಿಗಲಿಲ್ಲ."

"ಅಯ್ಯೋ ಪಾಪ. ಯಾರಾದ್ರೂ ಹುಡುಕಿ ಕೊಡಬಾರದಾ?"

ಮಗಳು ಕಾಲೇಜಿನಲ್ಲಿ ಪೂರ್ವ ಏಷ್ಯಾದ ಸಿನಿಮಾ ಮತ್ತು ಕಲೆ ಓದುತ್ತಿದ್ದಳು. ಈ ಚಿತ್ರವನ್ನು ಕಂಪ್ಯೂಟರಿನಲ್ಲಿ ತುದಿಯಿಂದ ತುದಿಗೆ ಒಮ್ಮೆಲೇ ನೋಡಿ ಪ್ರಬಂಧ ಬರೆದಿದ್ದಳು. ಮೇಡಂ ಅದನ್ನು ಹಾಗೇ ವಾಪಸು ಕೊಟ್ಟಿದ್ದರು. ಆ ಕಾಲದವರು ಯಾರೂ ಹೀಗೆ ಇಡಿಯಾಗಿ ನೋಡುತ್ತಿರಲಿಲ್ಲ, ಎಡಗೈಯಲ್ಲಿ ಬಿಚ್ಚುತ್ತ, ಬಲಗೈಯಲ್ಲಿ ಸುತ್ತುತ್ತ, ಒಂದು ಸಲಕ್ಕೆ ತೋಳಿನಷ್ಟು ಮಾತ್ರ, ಅದೂ ಪಕ್ಕದಲ್ಲಿ ಆಪ್ತರನ್ನು ಕೂರಿಸಿಕೊಂಡು. ಇಬ್ಬರಿಗೆ ಹಾಗೆ ತೋರಿಸು, ಅವರು ಏನಂದರೋ ಅದನ್ನೂ ಬರಿ, ಎಂದಿದ್ದರು.

"ಒಬ್ಬಳು ನೀನು," ಎಂದಳು ಮಗಳು ತಲೆ ಎತ್ತದೆ. "ಇನ್ನೊಬ್ಬರು ಅತ್ತೆ. ಹೇಳಿ ಬಂದಿದೀನಿ. ಬರ್ತಾರೆ."

ತಾಯಿಯ ಕೈಯಲ್ಲಿದ್ದ ಕತ್ತಿ ಜೊಂಡಿನ ನಡುವೆಯೇ ನಿಂತಿತು.

ಕೆರೆಯ ಆಚೆ ದಂಡೆಯಲ್ಲಿದ್ದ ಸೋದರತ್ತೆ ಈ ಅಂಗಳಕ್ಕೆ ಕಾಲಿಡದೆ ವರ್ಷ ಕಳೆದಿತ್ತು. ಅಜ್ಜಿ ತೀರಿಕೊಂಡ ಸುದ್ದಿ ಅವಳಿಗೆ ಮುಟ್ಟಿದ್ದು ಎಲ್ಲ ಮುಗಿಯುವ ಹೊತ್ತಿಗೆ. ಹೆತ್ತ ಮಗಳು ಓಡೋಡಿ ಬರುವಷ್ಟರಲ್ಲಿ ಮುಖ ಮುಚ್ಚಿಯಾಗಿತ್ತು. ಅವಳು ಜಗಳವಾಡಲಿಲ್ಲ, ಸುಮ್ಮನೆ ಹೊರಟುಹೋದಳು. ಜಗಳವಾಡಿದ್ದರೆ ತಾಯಿ ಏನಾದರೂ ಹೇಳುತ್ತಿದ್ದಳೇನೋ. ಅಜ್ಜಿಯ ಕೊನೆಯ ಸಂಜೆ ಹೇಗೆ ಕಳೆಯಿತೆಂದು ಇವಳು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಮಧ್ಯಾಹ್ನ ಸೋದರತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಬೇಗ ತೋರ್ಸಮ್ಮ. ಎಮ್ಮೆ ಕಟ್ಟಿ ಹಾಕಿ ಬಂದಿದೀನಿ."

ಎರಡು ಕುರ್ಚಿ ಹಾಕಿದರೆ ಇಬ್ಬರಿಗೂ ಚಿತ್ರ ಕಾಣುವುದಿಲ್ಲ. ಒಂದೇ ಬೆಂಚು, ಭುಜಕ್ಕೆ ಭುಜ. ಎಡಕ್ಕೆ ಕೂತ ಅತ್ತೆ ಬಿಚ್ಚಬೇಕು, ಬಲಕ್ಕೆ ಕೂತ ತಾಯಿ ಸುತ್ತಬೇಕು. ಮಗಳು ಹಿಂದೆ ನಿಂತಳು.

"ನಿಮ್ಮಮ್ಮನಿಗೆ ಹೇಳು, ಎಳೀಬೇಡ ಅಂತ. ಹರಿದೀತು."

"ನಿಮ್ಮತ್ತೆಗೆ ಹೇಳು, ಅವರು ಬಿಟ್ಟರೆ ತಾನೇ ನಾನು ಸುತ್ತೋದು."

"ಇಬ್ಬರಿಗೂ ಕೇಳಿಸ್ತು," ಎಂದಳು ಮಗಳು.

ಬೆಟ್ಟದ ಬುಡ ಬಂತು. ಕತ್ತೆಯ ಮೇಲೆ ಕೂತ ಒಬ್ಬ ಮುದುಕ ಬಂದ. ಪೈನ್ ಮರಗಳು ಸರಿದವು, ಮತ್ತೆ ಕತ್ತೆ, ಮುದುಕ. ಸೇತುವೆಯ ಮೇಲೆ ಮತ್ತೊಂದು ಕತ್ತೆ.

"ಏನೇ ಇದು, ಆ ಊರಲ್ಲಿ ಕತ್ತೆ ಸಂತೆಯಾ?" ಎಂದಳು ಅತ್ತೆ.

"ಒಂದೇ ಕತ್ತೆ ಅತ್ತೆ. ಒಬ್ಬನೇ ಮುದುಕ. ಅವನು ಮುಂದೆ ಹೋದ ಹಾಗೆಲ್ಲ ಮತ್ತೆ ಬರೆದಿದಾರೆ."

"ಹಾಗಾದ್ರೆ ಪಾಪ, ಬೆಳಗ್ಗೆಯಿಂದ ಹೋಗ್ತಾನೇ ಇದಾನೆ," ಎಂದಳು ತಾಯಿ. "ಎಲ್ಲಿಗಂತೆ?"

"ಹೊಳೆ ಆಚೆ, ಗೆಳೆಯನ ಮನೆಗೆ."

ಇನ್ನೊಂದಿಷ್ಟು ಬಿಚ್ಚಿದಾಗ ದೋಣಿಯ ಮೂತಿ ಬಂತು, ಆಮೇಲೆ ಏನೂ ಬರಲಿಲ್ಲ. ಬರೀ ಬಿಳಿ. ಅತ್ತೆ ಬಿಚ್ಚಿದಳು, ತಾಯಿ ಸುತ್ತಿದಳು. ಮತ್ತೂ ಬಿಳಿ.

"ಮುಗೀತಾ?"

"ಇಲ್ಲ ಅತ್ತೆ. ನೀರು, ಮಂಜು. ಅಲ್ಲಿ ಬರೆಯದೇ ಬಿಟ್ಟಿದಾರೆ. ಹೋಗ್ತಾ ಇರಿ."

ಇಬ್ಬರೂ ಬಿಳಿಯನ್ನೇ ನೋಡುತ್ತ ಕೂತರು. ನೋಡುವುದಕ್ಕೆ ಏನೂ ಇಲ್ಲದ್ದರಿಂದಲೋ ಏನೋ ಕೈಗಳು ನಿಧಾನವಾದವು.

"ಅವ್ವ ನನ್ನ ಕೇಳಿದ್ಲಾ?" ಎಂದಳು ಅತ್ತೆ. ಕಣ್ಣು ಕಾಗದದ ಮೇಲೆಯೇ ಇತ್ತು. ಈ ಸಲ 'ಹೇಳು' ಎಂದು ಮಗಳತ್ತ ತಿರುಗಲಿಲ್ಲ.

ತಾಯಿ ಬಿಳಿಯನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು. "ಕೇಳಿದ್ರು. ದೊಡ್ಡವಳು ಬಂದ್ಲಾ ಅಂದ್ರು. ಬೆಳಗ್ಗೆ ಬರ್ತಾಳೆ ಅಂದೆ. ಬೆಳಗ್ಗೆವರೆಗೂ ಇರ್ತಾರೆ ಅಂತಲೇ ಅಂದ್ಕೊಂಡು ರಾತ್ರಿ ಹೇಳಿ ಕಳಿಸಲಿಲ್ಲ, ಅತ್ತಿಗೆ."

"ಆಮೇಲೆ?"

"ಹಾಲು ಕುಡಿಸಿದೆ. ಬಿಸಿ ಅಂತ ಬೈದ್ರು. ಆರಿಸಿ ಕೊಟ್ಟೆ. ತಣ್ಣಗಾಯ್ತು ಅಂತ ಬೈದ್ರು."

ಅತ್ತೆಯ ಗಂಟಲಿನಿಂದ ಏನೋ ಒಂದು ಸದ್ದು ಬಂತು. ಅಳುವೆಂದು ಮಗಳು ಬಾಗಿದರೆ, ನಗು. "ಬೈದುಕೊಂಡೇ ಹೋದ್ಲಾ ನಮ್ಮವ್ವ!" ಕಣ್ಣಲ್ಲಿ ನೀರು ತುಂಬಿತ್ತು. ಕೈ ಖಾಲಿಯಿಲ್ಲದೆ ಭುಜಕ್ಕೆ ಕೆನ್ನೆ ಒತ್ತಿ ಒರೆಸಿಕೊಂಡಳು. "ಮತ್ತೆ? ಮತ್ತೇನಂದ್ಲು? ಎಲ್ಲ ಹೇಳು."

ತಾಯಿ ಹೇಳಿದಳು. ದಿಂಬು ಎತ್ತರ ಮಾಡಿಸಿಕೊಂಡದ್ದು, ಕಿಟಕಿ ತೆಗೆಸಿದ್ದು, ದೊಡ್ಡವಳ ಎಮ್ಮೆ ಈಯಿತಾ ಎಂದು ವಿಚಾರಿಸಿದ್ದು. ಮಾತು ಮುಗಿಯುವಾಗ ಅವರ ಕೈಗಳ ನಡುವೆ ಆಚೆ ದಂಡೆ ಬಂದಿತ್ತು. ಮುದುಕ ಕತ್ತೆಯಿಂದ ಇಳಿದಿದ್ದ. ಗುಡಿಸಲಿನ ಮುಂದೆ ಗೆಳೆಯ ಎದ್ದು ನಿಂತಿದ್ದ.

ಚಿತ್ರದಾಚೆ ಖಾಲಿ ಕಾಗದ ಉಳಿದಿತ್ತು. "ಆ ಕಾಲದಲ್ಲಿ ನೋಡಿದವರು ಇಲ್ಲಿ ಏನಾದ್ರೂ ಬರೆದು ಹೋಗ್ತಿದ್ರು," ಎಂದು ಮಗಳು ಪೆನ್ನು ಚಾಚಿದಳು. ತಾಯಿ 'ಕತ್ತೆ ಚೆನ್ನಾಗಿದೆ' ಎಂದು ಬರೆದಳು. ಅತ್ತೆ ಪೆನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟಳು.

"ನಂದು ಸಾಲ ಇರ್ಲಿ. ಇನ್ನೊಂದ್ಸಲ ನೋಡಿ ಆಮೇಲೆ ಬರೀತೀನಿ."

"ನಾಳೆ ಬನ್ನಿ," ಎಂದಳು ತಾಯಿ.

ಇನ್ನು ಸುರುಳಿಯನ್ನು ಮೊದಲ ತುದಿಯವರೆಗೆ ಮರಳಿ ಸುತ್ತಿಡಬೇಕು ಎಂದು ಮಗಳು ಕೈ ಚಾಚಿದಳು. ಇಬ್ಬರೂ ತಂತಮ್ಮ ತುದಿ ಬಿಡಲಿಲ್ಲ. ಈಗ ಅತ್ತೆ ಸುತ್ತಿದಳು, ತಾಯಿ ಬಿಚ್ಚಿದಳು. ಗುಡಿಸಲು ಮರೆಯಾಯಿತು. ಮತ್ತೆ ಬಿಳಿ ಬಂತು. ಹೊಳೆ ಮೆಲ್ಲಗೆ, ತೋಳಿನಷ್ಟು ತೋಳಿನಷ್ಟೇ, ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟುತ್ತಿತ್ತು.