ಜಂಬಕ್ಕನ ತೋಟದ ಪೈಪು

ಇಟ್ಟಿಗಿಯ ಜಂಬಕ್ಕನ ಮಲ್ಲಿಗೆ ತೋಟಕ್ಕೆ ಸರ್ಕಾರದ ಸಬ್ಸಿಡಿಯಲ್ಲಿ ಹನಿ ನೀರಾವರಿಯ ಡ್ರಿಪ್ ಮಂಜೂರಾಗಿದೆ ಎಂಬ ಸುದ್ದಿ ತಂದವನು ಅವಳ ಮೈದುನ ಗಂಗಪ್ಪ. ಗಂಡ ತೀರಿಕೊಂಡ ಮೇಲೆ ಕಚೇರಿಯ ಓಡಾಟವೆಲ್ಲ ಅವನದೇ. ಅವನು ತೋರಿಸಿದ ಕಡೆ ಇವಳು ಹೆಬ್ಬೆಟ್ಟು ಒತ್ತಿದ್ದಳು.

ಬೋರಿನಲ್ಲಿ ನೀರಿಗೇನೂ ಬರವಿರಲಿಲ್ಲ. ಅದನ್ನು ಕೊಡದಲ್ಲಿ ಗಿಡದ ಬುಡಕ್ಕೆ ಒಯ್ಯುವುದರಲ್ಲೇ ಅವಳ ಸೊಂಟ ಬಿದ್ದುಹೋಗಿತ್ತು. ಹೀಗಾಗಿ ಫಿಟ್ಟರ್ ನಯಾಜ ಹಗರಿಬೊಮ್ಮನಹಳ್ಳಿಯಿಂದ ಪೈಪಿನ ಸುರುಳಿಗಳನ್ನು ತಂದಿಳಿಸಿದ ದಿನ ಅವನಿಗೂ ಅವನ ಆಳುಗಳಿಗೂ ರೊಟ್ಟಿ, ಪುಂಡಿಪಲ್ಯ ಮಾಡಿ ಹಾಕಿದಳು. ಸಂಜೆ ನಯಾಜ ವಾಲ್ ತಿರುಗಿಸಿದ. ಸಾಲುಸಾಲಿಗೂ ನೀರು ತೊಟ್ಟಿಕ್ಕತೊಡಗಿತು. ಜಂಬಕ್ಕ ಕೂತು, ಒದ್ದೆ ಮಣ್ಣನ್ನು ಮುಟ್ಟಿ ಮುಟ್ಟಿ ನೋಡಿದಳು. ಪೈಪು ಕಳಿಸಿದ ಡೀಲರಿನ ಕಡೆಯವನೊಬ್ಬ ಅವಳನ್ನು ಗಿಡಗಳ ನಡುವೆ ನಿಲ್ಲಿಸಿ ಫೋಟೊ ಹಿಡಿದುಕೊಂಡು ಹೋದ.

ಮರುದಿನ ಹೂ ಬಿಡಿಸುವ ಹೊತ್ತಿಗೆ ನಯಾಜ ಮತ್ತೆ ಬಂದು ಪೈಪು ಸುತ್ತತೊಡಗಿದ.

“ಯಾಕಪಾ, ಏನಾತು?”

ನಯಾಜ ತಲೆ ಎತ್ತಲಿಲ್ಲ. “ಫೋಟೊ ಆತಲ್ರೀ ಯಕ್ಕಾ. ಮುಂದಿನ ಹೊಲಕ್ಕ ಒಯ್ಯಬೇಕು. ನಿಮಗ ಹೇಳಿಲ್ಲೇನ್ರಿ?”

ಜಂಬಕ್ಕ ಹೂವಿನ ಬುಟ್ಟಿ ಇಳಿಸಿ, ಸುತ್ತಿದ್ದ ಪೈಪಿನ ಮೇಲೆ ಕೂತುಬಿಟ್ಟಳು. “ಇದು ನನ್ನ ಪೈಪು. ಒಯ್ಯೂದಾದ್ರ ನನ್ನೂ ಸುತ್ತಿಕೊಂಡು ಒಯ್ಯಿ.”

ನಯಾಜನಿಗೆ ಅವಳನ್ನು ಎಬ್ಬಿಸುವ ಧೈರ್ಯವಾಗಲಿಲ್ಲ. ಅವನು ಫೋನ್ ಮಾಡಿದ. ಗಂಗಪ್ಪ ಓಡಿಬಂದ, ಹಿಂದೆಯೇ ಅಕ್ಕಪಕ್ಕದ ಹೊಲದವರೂ ಬಂದರು. ಸಬ್ಸಿಡಿ ಡೀಲರಿಗೆ, ಹೆಬ್ಬೆಟ್ಟು ಒತ್ತಿದವರಿಗೆ ಕೈಯಲ್ಲಿಷ್ಟು ರೊಕ್ಕ, ಇದ್ದದ್ದೊಂದೇ ಪೈಪು ಊರೆಲ್ಲ ಸುತ್ತುವುದು. ಡೀಲರಿಗೂ ಊರವರಿಗೂ ಮಾತು ಹೀಗಾಗಿತ್ತಂತೆ.

“ಎಲ್ಲಾರಿಗೂ ಗೊತ್ತಿತ್ತೇನು?” ಎಂದಳು ಜಂಬಕ್ಕ.

“ನಿನ್ನ ಪಾಲು ನನ್ನ ಹತ್ರ ಐತಿ ಬಿಡು ವೈನಿ, ನಾನೇನ್ ನುಂಗಿಲ್ಲ,” ಎಂದ ಗಂಗಪ್ಪ.

“ನನಗ ರೊಕ್ಕ ಯಾಕಲೇ? ನೀರು ಬೇಕಿತ್ತು ನನಗ.”

ಬೈದರು, ರಮಿಸಿದರು. ಅವಳು ಕದಲಲಿಲ್ಲ. ಬಿಸಿಲೇರಿತು, ಬುಟ್ಟಿಯ ಮೊಗ್ಗುಗಳು ಅಲ್ಲೇ ಅರಳಿ ಬಾಡಿದವು. ಕಡೆಗೆ ಬಂದವಳು ದ್ಯಾಮಕ್ಕ. ಮದುವೆಯಾಗಿ ಬಂದಂದಿನಿಂದ ಜಂಬಕ್ಕನ ಜೊತೆಗೇ ಹೂ ಬಿಡಿಸಿದವಳು. ಪಕ್ಕದಲ್ಲಿ ಕೂತು, ಮೊಣಕಾಲಿನ ಮೇಲೆ ಕೈಯಿಟ್ಟಳು.

“ಏಳವಾ ಜಂಬಕ್ಕ. ನಾಳಿ ನನ್ನ ಹೊಲದ ಪಾಳಿ ಐತಿ.”

ಜಂಬಕ್ಕ ಅವಳ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಸೀರೆಯ ಮಣ್ಣು ಕೊಡವಿಕೊಂಡು ಮನೆಗೆ ಹೋದಳು.

ಮಾರನೆಯ ದಿನ ಬದುವಿನಾಚೆ ದ್ಯಾಮಕ್ಕ ತಲೆ ತುಂಬ ಸೆರಗು ಹೊದ್ದು ಫೋಟೊಗೆ ನಿಂತದ್ದು ಕಂಡಿತು. ಜಂಬಕ್ಕ ಕೊಡ ಎತ್ತಿಕೊಂಡಳು. ಗಂಗಪ್ಪ ಕೊಡಬಂದ ರೊಕ್ಕವನ್ನು ಮುಟ್ಟಲಿಲ್ಲ. ಅವನು ಅದನ್ನು ಕಟ್ಟೆಯ ಮೇಲೆ ಕಲ್ಲಿನಡಿ ಇಟ್ಟು ಹೋದ. ವಾರವಿಡೀ ಅದು ಅಲ್ಲೇ ಇತ್ತು. ಸೊಂಟ ಪೂರಾ ಹಿಡಿದುಕೊಂಡು ಕೊಡ ಎತ್ತಲಾಗದಿದ್ದ ದಿನ ಅವಳು ಕಲ್ಲು ಸರಿಸಿದಳು. ಹಡಗಲಿಗೆ ಹೋಗಿ ಆ ರೊಕ್ಕದಲ್ಲಿ ರಬ್ಬರ್ ಪೈಪು ಕೊಂಡಳು. ಅದು ಅರ್ಧ ತೋಟಕ್ಕಷ್ಟೇ ಮುಟ್ಟುತ್ತಿತ್ತು.

ಮಳೆಗಾಲ ಕಳೆದ ಮೇಲೆ ತಪಾಸಣೆಗೆಂದು ಮೇಲಿನ ಅಧಿಕಾರಿಯೊಬ್ಬರು ಬಂದರು. ಎಳೆಯ ವಯಸ್ಸಿನವರು, ಷೂಗೆ ಕೆಸರಾದರೂ ಲೆಕ್ಕಿಸದೆ ಸಾಲುಸಾಲೂ ಅಡ್ಡಾಡಿ ನೋಡಿದರು.

“ಡ್ರಿಪ್ ಎಲ್ಲಮ್ಮ? ನಿಜ ಹೇಳಿ, ಹೆದರಬೇಡಿ.”

ಗಂಗಪ್ಪ ಬದುವಿನ ಮೇಲಿದ್ದ. ಅವನ ಹಿಂದೆ ದ್ಯಾಮಕ್ಕ. ಇಡೀ ಊರೇ ಅಲ್ಲಿ ನಿಂತಂತಿತ್ತು. ಜಂಬಕ್ಕನ ಕೈಯಲ್ಲಿ ರಬ್ಬರ್ ಪೈಪಿತ್ತು, ನೀರು ಅವಳ ಕಾಲ ಮೇಲೆಯೇ ಹರಿಯುತ್ತಿತ್ತು.

“ಇಲಿ ಕಡದುಬಿಟ್ಟಾವ್ರಿ,” ಎಂದಳು.

“ಎಲ್ಲಾನೂ?”

“ಹೂನ್ರಿ. ಎಲ್ಲಾನೂ.”

ಅವರು ಇನ್ನೂ ಸ್ವಲ್ಪ ಹೊತ್ತು ಕಾದು ನಿಂತರು. ಜಂಬಕ್ಕ ಪೈಪನ್ನು ಗಿಡದ ಬುಡಕ್ಕೆ ತಿರುಗಿಸಿದಳು. ಜೀಪು ಹೋದ ಮೇಲೆ ಗಂಗಪ್ಪ, “ಶಾಣ್ಯಾಕಿ ಅದಾಳ ನಮ್ಮ ವೈನಿ,” ಎಂದು ಎಲ್ಲರಿಗೂ ಕೇಳುವಂತೆ ನಕ್ಕ. ಅವಳು ಬೆನ್ನು ತಿರುಗಿಸಿ, ಪೈಪು ಎಳೆದುಕೊಂಡು ಮುಂದಿನ ಸಾಲಿಗೆ ಹೋದಳು.