ನಲವತ್ತಾರನೇ ಹಲಗೆಯ ತೂತು

ನಮ್ಮ ಮಾವನ ಪ್ರಕಾರ ನಾನು ಮೇಸ್ತ್ರಿಯೇ ಅಲ್ಲ. ಅವರು ನಲವತ್ತು ವರ್ಷ ನಿಂತ ಜಾಗದಲ್ಲೇ ಕಾಂಕ್ರೀಟು ಸುರಿದು ಕಟ್ಟಿದವರು. ನಾನೋ, ಹಳೆಯ ಕಂಟೇನರ್ ಧಕ್ಕೆಯನ್ನು ದೊಡ್ಡ ಹಡಗುಗಳಿಗೆ ಸರಿಮಾಡಲು ಅಂಗಳದಲ್ಲಿ ಕಾಂಕ್ರೀಟು ಹಲಗೆಗಳನ್ನು ಅಚ್ಚು ಹಾಕಿ, ಕ್ರೇನಿನಲ್ಲಿ ಎತ್ತಿ ಕಂಬಗಳ ಮೇಲೆ ಕೂರಿಸುವವನು. "ಅಚ್ಚು ಹಾಕೋನು ಮೇಸ್ತ್ರಿ ಆದ್ರೆ ಸ್ಟಾಂಪ್ ಒತ್ತೋನು ಸಾಹಿತಿ ಆಗ್ಬೇಕು" ಎನ್ನುತ್ತಿದ್ದರು.

ಹಾಳಾದ್ದು, ಅವರ ಬಾಯಿ ಮುಚ್ಚಿಸೋಣ ಎಂದು ಕೊನೆಯ ಹಲಗೆ ಕೂರಿಸುವ ದಿನ ನಾನೇ ಕರೆದೆ. ಮರುದಿನ ಬೆಳಿಗ್ಗೆ ಹಡಗು ಬರುವುದಿತ್ತು. "ಹಡಗು ಕಾಯೋ ಹಾಗಾದ್ರೆ ನಿನ್ನ ಮೇಸ್ತ್ರಿಗಿರಿ ಮುಗೀತು" ಎಂದು ಮ್ಯಾನೇಜರ್ ಮೊದಲೇ ಹೇಳಿದ್ದ.

ಹಲಗೆ ಬಂತು, ಕೂತಿತು. ನಾನು ಮೀಸೆ ತಿರುವುತ್ತಿದ್ದಾಗ ಮಾವ ಕೇಳಿದರು: "ಹಡಗಿನ ಹಗ್ಗ ಕಟ್ಟೋ ಗೂಟ ಎಲ್ಲಪ್ಪಾ ಬರೋದು?"

ಗೂಟದ ಬೋಲ್ಟಿಗೆ ಬೇಕಾದ ನಾಲ್ಕು ತೂತು ನೀರಿನ ಕಡೆಯ ಎಡಮೂಲೆಯಲ್ಲಿರಬೇಕಿತ್ತು. ಅಯ್ಯೋ, ಬಲಮೂಲೆಯಲ್ಲಿದ್ದವು!

"ತಿರುಗಿಸಿ ಕೂರಿಸೋಣ" ಎಂದ ಕ್ರೇನಿನವ.

"ಆಗ ಗೂಟ ನೀರು ಬಿಟ್ಟು ಆಫೀಸಿನ ಕಡೆ ಬರುತ್ತೆ. ಹಡಗಿನ ಬದಲು ಮ್ಯಾನೇಜರನ್ನ ಕಟ್ಟಿಹಾಕ್ಬಹುದು" ಎಂದರು ಮಾವ.

ಆದದ್ದಿಷ್ಟು. ಮೇಲ್ಮೈ ನುಣುಪಾಗಲಿ ಎಂದು ನಾವು ಹಲಗೆಯನ್ನು ಬೋರಲಾಗಿ ಅಚ್ಚು ಹಾಕುತ್ತೇವೆ. ಹಾಗಾಗಿ ನಕ್ಷೆಯ ಎಡವನ್ನು ಬಲ ಮಾಡಿಕೊಳ್ಳಬೇಕು. ನಲವತ್ತೈದು ಹಲಗೆಗೂ ನಾನೇ ಮಾಡಿಕೊಂಡಿದ್ದೆ. ಕೊನೆಯದಕ್ಕೆ ಇಂಜಿನಿಯರ್ ಮಹಾಶಯ ಉಪಕಾರ ಮಾಡಲು ಹೋಗಿ ತಾನೇ ಎಡಬಲ ತಿರುಗಿಸಿ ನಕ್ಷೆ ಬಿಡಿಸಿದ್ದ. ಹಾಗೆಂದು ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದೂ ಇದ್ದ. ನಾನು ಓದದೆ ಮತ್ತೆ ತಿರುಗಿಸಿದ್ದೆ.

ಮ್ಯಾನೇಜರ್ ಓಡಿಬಂದ. ನಕ್ಷೆಯನ್ನು ಬಯ್ಯಲು ಬಾಯಿ ತೆರೆದೆ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಮಾವ ಗೊಣಗಿದರು. ಮೈಯೆಲ್ಲ ಉರಿದುಹೋಯಿತು.

"ತಪ್ಪು ನಂದೇ ಸರ್" ಎಂದುಬಿಟ್ಟೆ. "ಓದಲಿಲ್ಲ. ಹೊಸ ತೂತು ಕೊರೀತೀನಿ."

"ಸಂಜೆ ಒಳಗೆ ಗೂಟ ನಿಲ್ಬೇಕು" ಎಂದು ಅವನು ಹೊರಟ. ಒಳಗಿನ ಕಬ್ಬಿಣ ತಪ್ಪಿಸಿ ಎಲ್ಲಿ ಕೊರೆಯಬೇಕೆಂದು ಇಂಜಿನಿಯರ್ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ನನ್ನ ಮುಖ ನೋಡಲಿಲ್ಲ.

ನಾಲ್ಕನೆಯ ತೂತು ಕೊರೆದು ತಿರುಗಿದರೆ, ಮಾವ ಮಂಡಿಯೂರಿ ಕೂತು ಹಳೆಯ ತೂತುಗಳಿಗೆ ಕರಣೆಯಿಂದ ಗಾರೆ ತುಂಬುತ್ತಿದ್ದರು.

"ನಿಮಗ್ಯಾಕೆ ಮಾವ ಕಷ್ಟ?"

"ಸುಮ್ನೆ ನಿನ್ನ ಕೆಲಸ ನೋಡೋ."

ಬೆಳಿಗ್ಗೆ ಹಡಗು ಬಂದು ಹಗ್ಗ ಬಿಗಿಯಿತು. ಗೂಟ ಜಪ್ಪಯ್ಯ ಅಂದರೂ ಕದಲಲಿಲ್ಲ.

"ಧಕ್ಕೆ ಮುಗೀತಾ ಅಪ್ಪಾ?" ಎಂದಳು ನನ್ನ ಹೆಂಡತಿ, ನಾವಿಬ್ಬರೂ ಮನೆಗೆ ಬಂದಾಗ.

"ಮುಗೀತಮ್ಮ. ನಾನು ಕಟ್ಟಿದೆ, ನಿನ್ನ ಗಂಡ ತೂತು ಹಾಕ್ದ" ಎನ್ನುತ್ತ ಮಾವ ಕೈ ತೊಳೆದರು. ತಟ್ಟೆಯ ಮುಂದೆ ಕೂತವರು, ಅವಳು ತಮಗೆ ಬಡಿಸಲು ಬಂದಾಗ ಕೈ ಅಡ್ಡ ಹಿಡಿದರು.

"ಮೇಸ್ತ್ರಿಗೆ ಮೊದಲು ಹಾಕು."