ಬಾದಾಮಿಯ ಮೂಗುಪಟ್ಟಿ

ಬಾಯಿಗೆ ಕಡಿವಾಣದ ಕಬ್ಬಿಣವಿಲ್ಲದೆ ರಸ್ತೆಯಲ್ಲಿ ಹೇಳಿದ ಕಡೆ ನಿಂತು ತೋರಿಸಿದರೆ ಕುದುರೆ ಬಾದಾಮಿ ನಾಳೆಯ ಮದುವೆಗೆ ಹಾಗೆಯೇ ಹೋಗಲಿ ಎಂದು ಉಮೇಶ್ ಒಪ್ಪಿದ್ದ. ನಿಲ್ಲದಿದ್ದರೆ ಕಡಿವಾಣ ಮತ್ತೆ ಬಾಯಿಗೆ.

ರಾಜಾನುಕುಂಟೆಯಾಚೆ ಅವನ ಮನೆಯವರ ರಾಗಿ ಹೊಲ ಮುಕ್ಕಾಲು ಪಾಲು ಲೇಔಟ್ ಆಗಿತ್ತು. ಉಳಿದ ಕಾಲು ಭಾಗದಲ್ಲಿ ಕುದುರೆ ಸವಾರಿ ಶಾಲೆ. ವಾರದ ದಿನಗಳಲ್ಲಿ ಪಾಠ, ಮುಹೂರ್ತದ ದಿನಗಳಲ್ಲಿ ಮದುಮಗನ ಮೆರವಣಿಗೆ. ಗೌತಮಿ ಸಹಕಾರನಗರದಿಂದ ಬೆಳಿಗ್ಗೆ ಬಂದು ಬಾದಾಮಿಯನ್ನು ಓಡಿಸಿ, ಅಲ್ಲಿಂದಲೇ ಆಫೀಸಿಗೆ ಹೋಗುತ್ತಿದ್ದಳು. ಬಾದಾಮಿ ರೇಸು ಬಿಟ್ಟ ಕಂದು ಬಣ್ಣದ ಹೆಣ್ಣು ಕುದುರೆ. ಯಾವನೋ ಮದುಮಗ ಲಗಾಮು ಜಗ್ಗಿ ಜಗ್ಗಿ ಅದರ ಬಾಯಿಯ ಮೂಲೆ ಹರಿದಿತ್ತು. ಅದನ್ನು ನೋಡಿದ ದಿನವೇ ಗೌತಮಿ ಹಟ ಹಿಡಿದು ಕಬ್ಬಿಣ ತೆಗೆಸಿದ್ದಳು. ಈಗ ಇದ್ದದ್ದು ಮೂಗಿಗೆ ಕಟ್ಟುವ ಚರ್ಮದ ಪಟ್ಟಿ ಮಾತ್ರ. ಲಗಾಮು ಎಳೆದರೆ ಮೂಗು, ದವಡೆ ಒತ್ತುತ್ತದೆ. ಬಾಯಿ ಖಾಲಿ.

“ನಂಗೂ ಇದೇ ಬೇಕು ಮೇಡಂ,” ಎಂದಿದ್ದ ಉಮೇಶ್. “ನೊರೆ ಬರಾಕಿಲ್ಲ, ಶೇರ್ವಾನಿ ಮ್ಯಾಲೆ ಸಿಡಿಯಾಕಿಲ್ಲ. ಇವತ್ತು ನಿಂತ್ರೆ ಎಲ್ಲಾ ಕುದ್ರೆಗೂ ಇಂಗೇ ಹಾಕ್ಸಿಬಿಡ್ತೀನಿ. ನಿಲ್ತದಾ, ಅಷ್ಟು ಯೋಳಿ.”

“ನಿಲ್ಲುತ್ತೆ.”

ಗೌತಮಿ ಹತ್ತಿ ಗೇಟು ದಾಟಿದಾಗಿನಿಂದ ಬಾದಾಮಿ ತಲೆ ಒದರುತ್ತಲೇ ಇತ್ತು. ನೊಣ ಇರಬೇಕು ಅಂದುಕೊಂಡಳು. ಹಿಂದೆ ಸಾಕಿಬ್ ಸ್ಕೂಟರಿನಲ್ಲಿ ಬರುತ್ತಿದ್ದ. ಕುದುರೆಗಳ ಮೇವು, ಲಾಯ, ಲಗಾಮು ಎಲ್ಲ ಅವನದೇ ಉಸ್ತುವಾರಿ.

ಲೇಔಟಿನ ತಿರುವಿನಲ್ಲಿ ಟಿಪ್ಪರೊಂದು ಜಲ್ಲಿ ಸುರಿಯಿತು. ಆ ಸದ್ದಿಗೆ ಬಾದಾಮಿ ನೆಗೆದು ಓಟಕ್ಕೆ ಬಿತ್ತು. ಗೌತಮಿ ಎರಡೂ ಕೈಯಲ್ಲಿ ಎಳೆದಳು. ಕುದುರೆ ಪಟ್ಟಿಗೆ ಮೂಗು ಕೊಟ್ಟು, ಅದನ್ನೇ ಮುಂದಕ್ಕೆ ತಳ್ಳುತ್ತಾ ಇನ್ನೂ ಜೋರಾಗಿ ಓಡಿತು. ಎಡ ಲಗಾಮು ಜಗ್ಗಿದಳು. ತಲೆ ಎಡಕ್ಕೆ ಬಂತು, ಮೈ ನೇರ ಹೋಯಿತು. ಎದುರಿಗೆ ದೊಡ್ಡಬಳ್ಳಾಪುರ ರಸ್ತೆ, ಬಸ್ಸಿನ ಹಾರ್ನು. ನಿಲ್ಲು ಎಂದು ಕೂಗುತ್ತಿರುವುದು ತನ್ನದೇ ದನಿ ಎಂದು ಅವಳಿಗೆ ಆಮೇಲೆ ಗೊತ್ತಾಯಿತು.

ಕಟ್ಟುತ್ತಿದ್ದ ಮನೆಯೊಂದರ ಮುಂದೆ ದಾರಿಗೆ ಅಡ್ಡಲಾಗಿ ಎಂ-ಸ್ಯಾಂಡ್ ಗುಡ್ಡೆ ಹಾಕಿದ್ದರು. ಬಾದಾಮಿ ಅದರೊಳಗೆ ಮೊಣಕಾಲವರೆಗೆ ಹೂತು ನಿಂತಿತು. ಅವಳು ನಿಲ್ಲಿಸಿದ್ದಲ್ಲ.

ಗೌತಮಿ ಇಳಿದಳು. ಬಾದಾಮಿಯ ಉಸಿರು ಸೀಟಿಯಂತೆ ಕೇಳುತ್ತಿತ್ತು. ಪಟ್ಟಿ ಬಿಚ್ಚಿದಳು. ಮೂಗಿನ ಗಟ್ಟಿ ಎಲುಬು ಮುಗಿದು ಮೆತ್ತಗಾಗುವ ಕಡೆ, ಹೊಳ್ಳೆಗಳ ಸ್ವಲ್ಪ ಮೇಲೆ, ಚರ್ಮ ಸುಲಿದು ಕೆಂಪಗೆ ಒಸರುತ್ತಿತ್ತು. ದವಡೆಯ ಕೆಳಗೆ ಬಾವು.

“ಯಾರು ಇಷ್ಟು ಕೆಳಗೆ ಕಟ್ಟಿದ್ದು?”

ಸಾಕಿಬ್ ಸ್ಕೂಟರ್ ನಿಲ್ಲಿಸಿ ಬಂದ. “ನಾನೇ ಮೇಡಂ. ಮೇಲೆ ಕಟ್ಟಿದ್ರೆ ನನ್ನನ್ನೇ ಎಳ್ಕೊಂಡ್ ಹೋಗ್ತಿತ್ತು. ಕೆಳಗೆ ಕಟ್ಟಿ ಬಿಗಿ ಮಾಡ್ದೆ, ಮಾತು ಕೇಳ್ತು.”

“ಉಸಿರು ಕಟ್ಟಿದ್ರೆ ಯಾರಾದ್ರೂ ಮಾತು ಕೇಳ್ತಾರೆ!”

“ಸರಿ, ನೀವು ವಾರದಿಂದ ಕೂತಿದ್ರಲ್ಲ ಮೇಲೆ. ನೀವ್ಯಾಕೆ ನೋಡ್ಲಿಲ್ಲ?”

ಗೌತಮಿ ಅದರ ಬಾಯಿಯನ್ನು ದಿನಾ ನೋಡುತ್ತಿದ್ದಳು. ಗಾಯ ಮಾಯುತ್ತಿದೆ, ಹೇಳಿದಲ್ಲಿ ನಿಲ್ಲುತ್ತಿದೆ ಎಂದು ವಿಡಿಯೋ ಕೂಡ ಹಾಕಿದ್ದಳು. ಪಟ್ಟಿಯನ್ನು ಎತ್ತಿ ನೋಡಿರಲಿಲ್ಲ. ಕಬ್ಬಿಣ ಇಲ್ಲವೆಂದರೆ ನೋವೇ ಇಲ್ಲ ಎಂದು ನಂಬಿ, ಕುದುರೆ ಕೇಳದಿದ್ದಾಗೆಲ್ಲ ಎರಡರಷ್ಟು ಜಗ್ಗಿದ್ದಳು.

ಸಾಕಿಬ್ ಕುದುರೆಯ ಕಾಲಿನ ಮರಳು ಕೊಡವುತ್ತಾ ದನಿ ತಗ್ಗಿಸಿದ. “ಯಾರೂ ನೋಡಿಲ್ಲ. ನಿಂತ್ಕೊಳ್ತು ಅಂದ್ಬಿಡೋಣ. ನಾಳೆ ಹಗ್ಗ ಹಾಕಿ ನಾನೇ ಪಕ್ಕದಲ್ಲಿ ನಡೀತೀನಿ.”

“ಪಟಾಕಿ ಹೊಡೀತಾರಾ?”

“ತಣಿಸಂದ್ರ ಮದ್ವೆ ಮೇಡಂ. ಪಟಾಕಿ, ಬ್ಯಾಂಡು, ಡ್ರೋನು, ಎಲ್ಲಾ ಇರುತ್ತೆ.”

ಅವಳು ಬಾದಾಮಿಯ ಕೊರಳಿಗೆ ಹಗ್ಗ ಹಾಕಿ ನಡೆಸಿಕೊಂಡು ಹೊರಟಳು. ದಾರಿಯುದ್ದಕ್ಕೂ ಸುಳ್ಳು ಸುಲಭವಾಗಿಯೇ ಇತ್ತು. ಅದನ್ನು ಹೇಳಿದರೆ ಶಾಲೆಯ ಯಾವ ಕುದುರೆಗೂ ಕಬ್ಬಿಣ ಇರುವುದಿಲ್ಲ. ಅವಳು ಕೇಳುತ್ತಿದ್ದದ್ದೂ ಅದನ್ನೇ. ಆದರೆ ಆ ಸುಳ್ಳಿನ ಜೊತೆಗೇ ನಾಳೆ ಸಂಜೆ ಸರಪಟಾಕಿ, ರಸ್ತೆ ತುಂಬ ಕುಣಿಯುವ ಜನ, ನಡುವೆ ನಿಲ್ಲದ ಕುದುರೆ.

ಗೇಟಿನಲ್ಲೇ ಉಮೇಶ್ ಸಿಕ್ಕ. “ಏನ್ ಮೇಡಂ, ನಡ್ಕೊಂಡು? ಪೆಟ್ರೋಲ್ ಖಾಲಿಯಾ?”

“ನಿಲ್ಲಲಿಲ್ಲ,” ಎಂದಳು. “ಮರಳಿಗೆ ನುಗ್ಗಿ ನಿಂತಿದ್ದು. ಇಲ್ಲದಿದ್ರೆ ಬಸ್ಸಿಗೆ ಹೊಡೀತಿತ್ತು.”

ಸಾಕಿಬ್ ಅವಳ ಮುಖವನ್ನೇ ನೋಡಿದ.

“ನಾನ್ ಯೋಳ್ಳಿಲ್ವಾ?” ಉಮೇಶನಿಗೆ ನಗು. “ವಿಡಿಯೋದಾಗೆ ಚೆಂದಾಗಿ ನಿಲ್ತಿತ್ತಲ್ಲ? ಸಾಕಿಬಾ, ಕಬ್ಬಿಣ ತಗೊಂಬಾ.”

“ನಾಳೆ ಇದನ್ನ ಕಳಿಸ್ಬೇಡಿ. ಮೂಗು ನೋಡಿ.”

ಉಮೇಶ್ ಬಗ್ಗಿ ನೋಡಿದ. ನಗು ನಿಂತಿತು. “ಬಿಳಿ ಕುದ್ರೆ ಕುಂಟ್ತಾ ಐತೆ. ಮೆರವಣಿಗೆಗೆ ಇದೊಂದೇ ಇರೋದು. ಮೂಗಿಗೆ ಪಟ್ಟಿ ಬೇಡ. ಬಾಯಿ ವಾಸಿ ಆಗೈತಲ್ಲ, ಕಬ್ಬಿಣ ಹಾಕಿ ಕಳಿಸ್ತೀನಿ.”

“ಹಾಗಾದ್ರೆ ನಾನೂ ಬರ್ತೀನಿ. ಲಗಾಮು ನನ್ನ ಕೈಲಿರುತ್ತೆ.”

“ಮದುಮಗ ಏನ್ ಇಡ್ಕಂತಾನೆ?”

“ಸ್ಯಾಡಲ್ ಹಿಡ್ಕೊಳ್ಲಿ. ಬಿದ್ರೆ ಬೀಳ್ಲಿ.”

“ನಿಮಗೇನ್ ಹುಚ್ಚಾ? ಬೀಗ್ರು ನನ್ನನ್ನ ಕೊಲ್ತಾರೆ.” ಆದರೆ ಬೇಡ ಎನ್ನಲಿಲ್ಲ.

ಲಾಯದ ಮುಂದೆ ಸಾಕಿಬ್ ಕಡಿವಾಣ ತಂದುಕೊಟ್ಟ. ಕಬ್ಬಿಣ ತಣ್ಣಗಿತ್ತು. ಗೌತಮಿ ಅದನ್ನು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿಕೊಂಡು ಬಾದಾಮಿಯ ತುಟಿಯ ಬಳಿ ಹಿಡಿದಳು. ಕುದುರೆ ಹಲ್ಲು ಕಚ್ಚಿತು. ತಲೆ ಎತ್ತಿ ಒಂದು ಹೆಜ್ಜೆ ಹಿಂದೆ ಸರಿಯಿತು. ಅವಳೂ ಒಂದು ಹೆಜ್ಜೆ ಮುಂದಿಟ್ಟಳು. ಮತ್ತೆ ಹಿಂದೆ, ಮತ್ತೆ ಮುಂದೆ. ಕೊನೆಗೆ ಬಾದಾಮಿಯ ಬೆನ್ನಿಗೆ ಲಾಯದ ಗೋಡೆ ಸಿಕ್ಕಿತು.